ಬಾಲ್ಕನಿ ಸಸಿ, ಕುಂಡದ ಮಣ್ಣು, ಬೋರ್ ನೀರು: ಮಾಡಬೇಕಾದ್ದು, ಮಾಡಬಾರದ್ದು

ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಮತ್ತು ಸುತ್ತಲಿನ ಬಡಾವಣೆಗಳಲ್ಲಿ ಮನೆಯೊಳಗೆ, ಬಾಲ್ಕನಿಯಲ್ಲಿ, ತಾರಸಿಯಲ್ಲಿ ಟೊಮೆಟೊ, ಮೆಣಸಿನಕಾಯಿ, ಬದನೆ, ಸೊಪ್ಪಿನ ಸಸಿ ಎಬ್ಬಿಸುವವರ ಗಮನಕ್ಕೆ.

ಸಸಿ ಸತ್ತರೆ ಎಲ್ಲರೂ ಬೀಜದ ಅಂಗಡಿಯವನನ್ನು ಬೈಯುತ್ತಾರೆ. ಈ ಭಾಗದಲ್ಲಿ ಮೊದಲು ಅನುಮಾನಿಸಬೇಕಾದ್ದು ಎರಡನ್ನು: ಎಲ್ಲಿಂದ ಬಂತೆಂದು ಗೊತ್ತಿಲ್ಲದ ಮಣ್ಣು, ದಿನಾ ಹಾಕುವ ಗಡಸು ನೀರು. ನೀರು ಗಡಸಾಗಿದ್ದರೆ ಸಸಿ ಹೋಗುತ್ತದೆ, ಅಷ್ಟೆ. ಮಣ್ಣು ಕೆಟ್ಟಿದ್ದರೆ ಸಸಿ ಬದುಕಿಯೂ ಬಿಡಬಹುದು, ಅದರ ವಿಷ ಊಟದ ತಟ್ಟೆಗೆ ಬರುತ್ತದೆ.

ಮಾಡಬೇಕಾದ್ದು

*ಮಣ್ಣು ತರುವ ಮುಂಚೆ*

ಮಣ್ಣು ಯಾವ ಜಾಗದ್ದು, ಎಷ್ಟು ಆಳದ್ದು ಎಂದು ಮಾರುವವರನ್ನು ಕೇಳಿ. ಉತ್ತರ ಬಾರದಿದ್ದರೆ ಕೊಳ್ಳದೆ ಬನ್ನಿ.

ಹೊಲದ ಮೇಲ್ಮಣ್ಣನ್ನೇ ಕೇಳಿ ಪಡೆಯಿರಿ. ರಸ್ತೆಬದಿಯಲ್ಲಿ ಮೂಟೆಗೆ ತುಂಬಿ ‘ಕೆಮ್ಮಣ್ಣು’ ಎಂದು ಮಾರುವುದು ಎಷ್ಟೋ ಸಲ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆಂದು ಅಗೆದ ಕೆಳಮಣ್ಣು. ಬಣ್ಣ ಚೆನ್ನಾಗಿರುತ್ತದೆ. ಒಳಗೆ ಸಾವಯವ ಅಂಶ ಇರುವುದಿಲ್ಲ, ಜೀವ ಇರುವುದಿಲ್ಲ, ಸಿಮೆಂಟಿನ ಚೂರು ಇರುತ್ತದೆ.

ಬಿಳಿ ಕಾಳು, ಬೂದು ಚೂರು ಕಂಡರೆ ಅದರ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ನೊರೆಗುಟ್ಟಿದರೆ ಅದು ಸುಣ್ಣ ಅಥವಾ ಸಿಮೆಂಟು. ಆ ಮಣ್ಣನ್ನು ವಾಪಸ್ ಕಳಿಸಿ.

ಒಂದು ಹಿಡಿ ಮಣ್ಣು ನೆನೆಸಿ, ಉಂಡೆ ಕಟ್ಟಿ, ಬಿಸಿಲಲ್ಲಿ ಒಣಗಿಸಿ, ಬೆರಳಿನಿಂದ ಒತ್ತಿ ನೋಡಿ. ಪುಡಿಯಾದರೆ ಕುಂಡಕ್ಕೆ ಬಳಸಿ. ಒಡೆಯಲು ಸುತ್ತಿಗೆ ಬೇಕಾದರೆ ಬಿಟ್ಟುಬಿಡಿ.

ಹೆಚ್ಚು ಮಣ್ಣು ತರುವುದಿದ್ದರೆ ಅರ್ಧ ಕೆ.ಜಿ. ಮಾದರಿಯನ್ನು ಮೊದಲು ಪರೀಕ್ಷೆಗೆ ಕೊಡಿ. ಜಿಕೆವಿಕೆಯಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ. ಪೀಣ್ಯದವರಿಗೆ ಎರಡೂ ದೂರವಲ್ಲ. ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ, ಈ ಮೂರನ್ನು ಕೇಳಿ ಬರೆಸಿಕೊಳ್ಳಿ.

ಕಾರ್ಖಾನೆ ಪಕ್ಕದ ಮಣ್ಣಾದರೆ ಭಾರಲೋಹಗಳ ಪರೀಕ್ಷೆಯನ್ನು ಬೇರೆಯಾಗಿ ಕೇಳಿ. ಸಾಮಾನ್ಯ ಮಣ್ಣು ಪರೀಕ್ಷೆಯ ವರದಿಯಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಬರುವುದಿಲ್ಲ. ರಸಸಾರ 6.5 ಎಂದು ವರದಿ ಬಂದ ಮಾತ್ರಕ್ಕೆ ಮಣ್ಣು ಶುದ್ಧವಾಗುವುದಿಲ್ಲ.

*ಮಿಶ್ರಣ*

ಸಸಿ ಟ್ರೇಗೆ ಮಣ್ಣಿಲ್ಲದ ಮಿಶ್ರಣ ಮಾಡಿ: ಮೂರು ಪಾಲು ತೊಳೆದ ತೆಂಗಿನ ನಾರಿನ ಹುಡಿ, ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ. ಕೆಂಪು ಮಣ್ಣನ್ನು ಸಸಿ ಕುಂಡಕ್ಕೆ ದಾಟುವಾಗ ಸೇರಿಸಿ.

ನಾರಿನ ಹುಡಿಯನ್ನು ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ನೆನೆಸಿ, ಹಿಂಡಿ, ಆ ನೀರನ್ನು ಚೆಲ್ಲಿ. ತೊಳೆಯದ ಹುಡಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣ ತುಂಬಿರುತ್ತದೆ.

ಕೊನೆಯ ಹಿಂಡಿದ ನೀರಿಗೆ ಟಿಡಿಎಸ್ ಮೀಟರ್ ಇಳಿಸಿ ನೋಡಿ. ನೀವು ಹಾಕಿದ ನೀರಿನ ಅಂಕಿಯ ಹತ್ತಿರಕ್ಕೆ ಬರುವವರೆಗೂ ತೊಳೆಯಿರಿ.

ತೊಳೆಯಲು ಪುರುಸೊತ್ತಿಲ್ಲದಿದ್ದರೆ ಹುದುಗು ಬರಿಸಿದ ನಾರಿನ ಹುಡಿ ಕೊಳ್ಳಿ. ಹೆಸರಘಟ್ಟದ ಸಂಸ್ಥೆ ಇದಕ್ಕೆಂದೇ ‘ಅರ್ಕಾ’ ಹೆಸರಿನ ತಂತ್ರಜ್ಞಾನ ಕೊಟ್ಟಿದೆ.

ನಗರ ಕಾಂಪೋಸ್ಟನ್ನು ಮೂಟೆಯ ಲೇಬಲ್ ಓದಿ ಕೊಳ್ಳಿ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಅದರ ರಸಸಾರ 6.5ರಿಂದ 7.5ರೊಳಗೆ, ಲವಣಾಂಶ ಮೀಟರಿಗೆ 4 ಡೆಸಿಸೀಮನ್ಸ್ ಒಳಗೆ ಇರಬೇಕು. ಆ 4 ಎಂಬ ಮಿತಿ ಹೊಲಕ್ಕೆ ಸರಿ. ಎಳೆ ಬೇರಿಗೆ ಅದು ಸುಡುವ ಪ್ರಮಾಣ. ಬೆಳೆದ ಗಿಡದ ಕುಂಡಕ್ಕೇ ಮೀಸಲಿಡಿ.

ಟ್ರೇ, ಕುಂಡ, ಬಕೆಟ್ಟು, ಎಲ್ಲದರ ತಳಕ್ಕೂ ತೂತು ಕೊರೆಯಿರಿ.

ಹಳೆಯ ಮಣ್ಣನ್ನು ಮತ್ತೆ ಬಳಸುವುದಿದ್ದರೆ ಏಪ್ರಿಲ್, ಮೇ ಬಿಸಿಲಿಗೆ ತಾರಸಿಯಲ್ಲಿ ತೆಳುವಾಗಿ ಹರಡಿ, ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚು ಮುಚ್ಚಿ, ನಾಲ್ಕರಿಂದ ಆರು ವಾರ ಬಿಡಿ. ಸಸಿ ಕೊಳೆಸುವ ಶಿಲೀಂಧ್ರ ಇದಕ್ಕೆ ಬಗ್ಗುತ್ತದೆ. ಭಾರಲೋಹ ಬಗ್ಗುವುದಿಲ್ಲ.

*ನೀರು*

ಇಡೀ ಸೂಚನೆಯಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ನಿಮ್ಮ ನಲ್ಲಿಯ ನೀರು ಯಾವುದೆಂದು ಅಪಾರ್ಟ್‌ಮೆಂಟ್ ಕಚೇರಿಯಲ್ಲಿ ಕೇಳಿ ತಿಳಿಯಿರಿ: ಕಾವೇರಿಯೇ, ಬೋರ್‌ವೆಲ್ಲೇ, ಟ್ಯಾಂಕರೇ, ಸಾಫ್ಟ್‌ನರ್ ದಾಟಿ ಬಂದದ್ದೇ, ಎಲ್ಲ ಸಂಪಿನಲ್ಲಿ ಕಲೆತದ್ದೇ. ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಆದರೂ ಹೊರವಲಯದ ಎಷ್ಟೋ ಸಂಪುಗಳಲ್ಲಿ ಇವತ್ತಿಗೂ ಬೋರ್ ನೀರು ಬೆರೆಯುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ಬದಲಾದಂತೆ ನೀರೂ ಬದಲಾಗುತ್ತದೆ.

ನೀರಿನ ರಸಸಾರದ ಜೊತೆಗೆ ಅದರ ಕ್ಷಾರತೆಯನ್ನೂ ಅಳೆಯಿರಿ. ಎರಡೂ ಒಂದೇ ಅಲ್ಲ. ರಸಸಾರ ಈ ಗಳಿಗೆಯ ಅಂಕಿ. ಕ್ಷಾರತೆ ಎಂದರೆ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟಿನ ದಾಸ್ತಾನು, ದಿನದಿನಕ್ಕೆ ಮಿಶ್ರಣದ ರಸಸಾರವನ್ನು ಮೇಲೆ ತಳ್ಳುವುದು ಅದೇ. ನೀರಿನ ರಸಸಾರ 7.5 ಇದ್ದರೂ ಕ್ಷಾರತೆ ಲೀಟರಿಗೆ 300 ಮಿಲಿಗ್ರಾಂ ಇದ್ದರೆ 6.2ರಲ್ಲಿ ಶುರುವಾದ ಟ್ರೇ ಕೆಲವೇ ವಾರಗಳಲ್ಲಿ ಏಳೂವರೆ ದಾಟಬಹುದು. ಟ್ರೇಯ ಗುಳಿಯಲ್ಲಿ ಇರುವುದು ಒಂದೆರಡು ಚಮಚ ಮಿಶ್ರಣ. ತಡೆಯುವ ಶಕ್ತಿ ಅದಕ್ಕಿಲ್ಲ.

ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ‘ಕೆಎಚ್’ ಹನಿ ಕಿಟ್ ಕೊಂಡು ಕ್ಷಾರತೆ ನೋಡಿ. ಲೀಟರಿಗೆ 100 ಮಿಲಿಗ್ರಾಂ ಒಳಗಿದ್ದರೆ ಹಾಗೇ ಹಾಕಿ. 200 ದಾಟಿದರೆ ಬೆರಕೆ ಮಾಡಿ.

ಬೆರಕೆಗೆ ಮಳೆನೀರು ಹಿಡಿಯಿರಿ. ಮಳೆನೀರಿನಲ್ಲಿ ಕ್ಷಾರತೆ ಇಲ್ಲವೆನ್ನುವಷ್ಟು ಕಡಿಮೆ. ಅರ್ಧಕ್ಕರ್ಧ ಬೆರೆಸಿದರೆ 300 ಇದ್ದದ್ದು 150ಕ್ಕೆ ಇಳಿಯುತ್ತದೆ.

ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು ನಂತರದ್ದನ್ನು ಹಿಡಿಯಿರಿ. ತಾರಸಿಯ ಧೂಳೆಲ್ಲ ಮೊದಲ ನೀರಿನಲ್ಲೇ ಇರುತ್ತದೆ.

ಮಳೆನೀರು ಇಲ್ಲದಿದ್ದರೆ ಅಡುಗೆಗೆ ಬಳಸುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ತನ್ನಿ. ಹತ್ತು ಲೀಟರ್ ನೀರಿಗೆ ಒಂದು ಗ್ರಾಂನಿಂದ ಶುರು ಮಾಡಿ. ಕಲಕಿ, ಅಳೆಯಿರಿ. ರಸಸಾರ 6.5ರ ಹತ್ತಿರ ಬಂದಾಗ ನಿಲ್ಲಿಸಿ.

ಆಮ್ಲ ಬೆರೆಸಿದ ನೀರನ್ನು ಆ ದಿನವೇ ಮುಗಿಸಿ.

ತರಕಾರಿ, ಅಕ್ಕಿ ತೊಳೆದ ನೀರನ್ನು ಉಪ್ಪು ಸೇರದಿದ್ದರೆ ಅಂದೇ ಗಿಡಕ್ಕೆ ಹಾಕಿ. 2024ರ ಮಾರ್ಚ್‌ನಲ್ಲಿ, ಮತ್ತೆ 2025ರ ಫೆಬ್ರವರಿಯಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನೇ ನಿಷೇಧಿಸಿತ್ತು. ದಂಡ 5,000 ರೂಪಾಯಿ. ಬೇಸಿಗೆ ಬಂದಾಗ ಮಂಡಳಿಯ ಆದೇಶ ನೋಡಿ ಪೈಪು ತೆಗೆಯಿರಿ.

*ಅಳತೆ*

ರಸಸಾರ ನೋಡಲು 20 ಗ್ರಾಂ ಒಣ ಮಣ್ಣಿಗೆ 50 ಮಿ.ಲೀ. ಡಿಸ್ಟಿಲ್ಡ್ ವಾಟರ್ ಸೇರಿಸಿ. ಕಲಕುತ್ತಾ ಅರ್ಧ ಗಂಟೆ ಬಿಡಿ. ಆಮೇಲೆ ಮೀಟರ್ ಇಳಿಸಿ. ಪ್ರಯೋಗಾಲಯದವರು ಮಾಡುವುದೂ ಇದೇ ಅನುಪಾತದಲ್ಲಿ.

ಪೆನ್ನಿನಾಕಾರದ ಮೀಟರನ್ನು ಬಳಸುವ ದಿನ ಬಫರ್ ದ್ರಾವಣದಲ್ಲಿ ಹೊಂದಿಸಿ.

ಮಣ್ಣಿನ ಕುಂಡವನ್ನು 6ರಿಂದ 6.8ರೊಳಗೆ, ನಾರಿನ ಹುಡಿಯ ಟ್ರೇಯನ್ನು 5.5ರಿಂದ 6.5ರೊಳಗೆ ಇರಿಸಿ. ಈ ಅಂಕಿಗಳಲ್ಲಿ ಒಂದರ ವ್ಯತ್ಯಾಸ ಎಂದರೆ ಹತ್ತು ಪಟ್ಟು ಎಂಬುದು ನೆನಪಿರಲಿ.

*ಸಸಿ ಬಣ್ಣ ಬಿಟ್ಟರೆ*

ಮೊದಲು ನೋಡಿ: ಹೊಸ ಎಲೆಯೋ, ಹಳೆ ಎಲೆಯೋ.

ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ರಸಸಾರ ಅಳೆಯಿರಿ. ಇದು ಕಬ್ಬಿಣ ಸಿಗದ ಗುರುತು. ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೇನೂ ಬರವಿಲ್ಲ, ಮಣ್ಣು ಕೆಂಪಗಿರುವುದೇ ಅದರಿಂದ. ರಸಸಾರ ಏರಿದಾಗ ಅದು ಬೇರಿಗೆ ದಕ್ಕುವುದಿಲ್ಲ.

ನೀರು ಸರಿಪಡಿಸಿ. ಅದಾದ ಮೇಲೂ ಹಳದಿ ಉಳಿದರೆ ‘ಇಡಿಡಿಎಚ್‌ಎ’ ರೂಪದ ಕಬ್ಬಿಣವನ್ನು ಲೇಬಲ್ಲಿನ ಪ್ರಮಾಣದಲ್ಲಿ ಕೊಡಿ. ಅಗ್ಗದ ‘ಇಡಿಟಿಎ’ ರೂಪ ಆರೂವರೆ ದಾಟಿದ ಮಣ್ಣಿನಲ್ಲಿ ನಿಲ್ಲುವುದಿಲ್ಲ.

ಹಳೆ ಎಲೆ ಇಡಿಯಾಗಿ ಹಳದಿಯಾದರೆ ತೆಳುವಾದ ಎರೆಗೊಬ್ಬರದ ತಿಳಿ ಕೊಡಿ. ಅದು ಸಾರಜನಕದ ಹಸಿವು.

ಎಲೆಯಡಿ ನೇರಳೆಯಾದರೆ ಡಿಸೆಂಬರ್ ಚಳಿಯೇ ಎಂದು ಮೊದಲು ನೋಡಿ. ಚಳಿಗೆ ಟೊಮೆಟೊ ಬೇರು ರಂಜಕ ಎಳೆಯುವುದಿಲ್ಲ. ಟ್ರೇಯನ್ನು ಬೆಚ್ಚಗಿನ ಜಾಗಕ್ಕೆ ಸರಿಸಿ.

ಕಾಂಡ ಮಣ್ಣಿನ ಮಟ್ಟದಲ್ಲಿ ನೀರಾಗಿ ಮುರಿದು ಬಿದ್ದರೆ ಆ ಸಸಿಯನ್ನೂ ಅಕ್ಕಪಕ್ಕದ ಮಿಶ್ರಣವನ್ನೂ ಅಂದೇ ಎತ್ತಿ ಎಸೆಯಿರಿ. ಇದು ಸಸಿ ಕೊಳೆರೋಗ. ರಸಸಾರಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಚ್ಚು ನೀರಿಗೂ ಇದಕ್ಕೂ ಇದೆ.

ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿದರೆ ಕೆರೆದು ತೆಗೆಯಿರಿ. ಕುಂಡದ ಗಾತ್ರದ ಎರಡರಷ್ಟು ಮಳೆನೀರು ಹರಿಸಿ, ಪೂರ್ತಿ ಬಸಿಯಲು ಬಿಡಿ.

ಮಾಡಬಾರದ್ದು

*ಈ ಮಣ್ಣು ಬೇಡ*

ಪೀಣ್ಯದ ಶೆಡ್ಡುಗಳ ಹಿಂದಿನ ಮಣ್ಣು ಬೇಡ. ಅಲ್ಲಿ ದಶಕಗಳಿಂದ ಎಲೆಕ್ಟ್ರೋಪ್ಲೇಟಿಂಗ್ ನಡೆದಿದೆ. ಅಂತರ್ಜಲದಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಸಿಕ್ಕಿದ್ದು ದಾಖಲಾಗಿದೆ. ಅದು ಕ್ಯಾನ್ಸರ್‌ಕಾರಕ.

ಆ ಭಾಗದ ಬೋರ್ ನೀರನ್ನು ಪರೀಕ್ಷಿಸದೆ ಸೊಪ್ಪಿಗೆ ಹಾಕಬಾರದು. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಆ ಪ್ರಮಾಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಕುದಿಸಿದರೆ ಸರಿಹೋಗುತ್ತದೆ ಎಂದು ನಂಬಬೇಡಿ. ಕುದಿಸಿದರೆ ನೀರು ಆವಿಯಾಗುತ್ತದೆ, ಲೋಹ ಉಳಿಯುತ್ತದೆ.

ಬೆಳ್ಳಂದೂರು, ವರ್ತೂರು ಕೆರೆಗಳ ಹೂಳು ಬೇಡ. ಕಪ್ಪಗೆ, ಫಲವತ್ತಾಗಿ ಕಾಣುತ್ತದೆ ನಿಜ. ಊರಿನ ಕೆರೆಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದ ನೆನಪಿನಲ್ಲಿ ಇದನ್ನೂ ತರುವವರಿದ್ದಾರೆ. ಆ ಕೆರೆಗೆ ಮಳೆನೀರು ಬರುತ್ತಿತ್ತು. ಈ ಕೆರೆಗಳಿಗೆ ದಶಕಗಟ್ಟಲೆ ನಗರದ ಕೊಳಚೆ, ಕಾರ್ಖಾನೆ ನೀರು ಬಂದಿದೆ. ಬೆಳ್ಳಂದೂರು ಕೆರೆಯ ನೀರಿನ ಮೇಲೆ ಬೆಂಕಿಯೇ ಹೊತ್ತಿಕೊಂಡದ್ದನ್ನು ಊರೆಲ್ಲ ನೋಡಿದೆ.

ಕಟ್ಟಡದ ಬುಡಕ್ಕೆ ಅಂಟಿದ ಮಣ್ಣು ಬೇಡ. ಗೆದ್ದಲಿಗೆಂದು ಅಡಿಪಾಯದ ಸುತ್ತ ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಸುರಿದಿರುತ್ತಾರೆ.

ಹಳೆ ಗೋಡೆ ಕೆಡವಿದ ಜಾಗದ ಮಣ್ಣು ಬೇಡ. ಬಣ್ಣದ ಸೀಸ ಅದರಲ್ಲಿರುತ್ತದೆ.

ಬ್ಯಾಟರಿ, ರೇಡಿಯೇಟರ್, ಇ-ತ್ಯಾಜ್ಯ ಬಿಚ್ಚುವ ಗುಜರಿಗಳ ಸುತ್ತಲಿನ ಮಣ್ಣನ್ನು ಮುಟ್ಟಲೂ ಬೇಡ.

ವಿಜಯಪುರ, ಗದಗ, ರಾಯಚೂರಿನಿಂದ ಕಾರಿನ ಡಿಕ್ಕಿಯಲ್ಲಿ ಎರೆಮಣ್ಣು ತಂದು ಟ್ರೇಗೆ ತುಂಬಬೇಡಿ. ಅದು ಸಾಮಾನ್ಯವಾಗಿ ಎಂಟರ ಆಸುಪಾಸಿನ ಕ್ಷಾರ ಮಣ್ಣು. ಒಣಗಿದರೆ ಬಿರಿದು ಎಳೆ ಬೇರು ಹರಿಯುತ್ತದೆ. ಊರಿನ ಮೇಲೆ ಪ್ರೀತಿ ಇರಲಿ, ಎರೆಮಣ್ಣು ಜೋಳಕ್ಕಿರಲಿ.

ರಾಸಾಯನಿಕದ ಡ್ರಮ್ಮು, ಪೇಂಟ್ ಬಕೆಟ್ಟುಗಳನ್ನು ಕುಂಡ ಮಾಡಬಾರದು. ಗುಜರಿಯವರು ಎಷ್ಟು ತೊಳೆದು ಕೊಟ್ಟರೂ ಬೇಡ.

*ಈ ನೀರು ಬೇಡ*

ಸಾಫ್ಟ್‌ನರ್ ನೀರು ಬೇಡ. ಅದು ಸುಣ್ಣದ ಅಂಶ ತೆಗೆದು ಅದರ ಜಾಗಕ್ಕೆ ಸೋಡಿಯಂ ಇಡುತ್ತದೆ. ಬೈಕಾರ್ಬೊನೇಟು ಇದ್ದಲ್ಲೇ ಇರುತ್ತದೆ. ಬಕೆಟ್ಟಿನಲ್ಲಿ ಕಲೆ ಕಟ್ಟುವುದು ನಿಲ್ಲುತ್ತದೆ, ಸೋಪು ಚೆನ್ನಾಗಿ ನೊರೆ ಬಿಡುತ್ತದೆ, ಗಿಡಕ್ಕೆ ಮಾತ್ರ ಮೊದಲಿಗಿಂತ ಕೆಟ್ಟದ್ದು.

ಆರ್‌ಒ ಯಂತ್ರದ ತ್ಯಾಜ್ಯ ನೀರು ಸಸಿಗೆ ಬೇಡ. ಅದರಲ್ಲಿ ಮೂಲ ನೀರಿನ ಲವಣವೆಲ್ಲ ಮಂದವಾಗಿ ಸೇರಿರುತ್ತದೆ. ನೆಲ ಒರೆಸಲು ಇಟ್ಟುಕೊಳ್ಳಿ.

ಎಸ್‌ಟಿಪಿಯ ನೀರು ತಿನ್ನುವ ಗಿಡಕ್ಕೆ ಬೇಡ. ಅಪಾರ್ಟ್‌ಮೆಂಟಿನ ಹುಲ್ಲುಹಾಸಿಗೆ ಸರಿಯಾದದ್ದು ಕೊತ್ತಂಬರಿಗೆ ಸರಿಯಲ್ಲ.

ಬಟ್ಟೆ ಒಗೆದ ನೀರು ಬೇಡ.

ಮೇಲ್ಮೈ ಒಣಗುವ ಮುಂಚೆ ಮತ್ತೆ ನೀರು ಹಾಕಬೇಡಿ. ಹದಿನಾಲ್ಕನೇ ಮಹಡಿಯ ಬಾಲ್ಕನಿ ಗಾಳಿಗೆ ಬೇಗ ಒಣಗುತ್ತದೆ, ಎಸಿ ಕೋಣೆಯ ಕಿಟಕಿ ಹಾಗಲ್ಲ. ಬೆರಳಿಟ್ಟು ನೋಡದೆ ಗಡಿಯಾರ ನೋಡಿ ನೀರು ಹಾಕುವುದು ಬೇಡ.

ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸಬಾರದು. ಬೇರು ಕೊಳೆಯುತ್ತದೆ, ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ. 2024ರ ಡೆಂಗಿ ನಿಯಮದಲ್ಲಿ ನಗರದ ಮನೆಗೆ 400 ರೂಪಾಯಿ ದಂಡ ಇಟ್ಟದ್ದು ಇಂಥ ನಿಂತ ನೀರಿಗೇ.

*ರಸಸಾರ ಸರಿಪಡಿಸಲು ಹೋಗಿ ಇವನ್ನು ಮಾಡಬೇಡಿ*

ಅಳೆಯದೆ ಏನನ್ನೂ ಹಾಕಬಾರದು.

ವಿದೇಶದ ವಿಡಿಯೊ ನೋಡಿ ಡೊಲೊಮೈಟ್ ಸುಣ್ಣ ಬೆರೆಸಬೇಡಿ. ಅವರು ಬಳಸುವುದು ಜೌಗು ನೆಲದ ಪೀಟ್. ಅದರ ರಸಸಾರ ನಾಲ್ಕರ ಸುತ್ತ, ಹಾಗಾಗಿ ಅಲ್ಲಿ ಸುಣ್ಣ ಬೇಕು. ನಮ್ಮ ತೆಂಗಿನ ನಾರಿನ ಹುಡಿ ಆರರ ಹತ್ತಿರ ಇರುತ್ತದೆ. ಅದಕ್ಕೆ ಸುಣ್ಣ ಹಾಕಿ, ಮೇಲೆ ಬೋರ್ ನೀರು ಹಾಕಿದರೆ ಸಸಿ ಮೊದಲ ತಿಂಗಳು ದಾಟುವುದಿಲ್ಲ.

ಎಲೆಯಡಿಕೆಯ ಸುಣ್ಣ ಬೇಡ. ಅದು ಅರಳಿಸಿದ ಸುಣ್ಣ, ರಸಸಾರವನ್ನು ಒಂದೇ ದಿನದಲ್ಲಿ ಮೇಲೆ ಎಸೆಯುತ್ತದೆ.

ಒಲೆ ಬೂದಿಯನ್ನು ಸಸಿಯ ಬುಡಕ್ಕೆ ಉದುರಿಸಬೇಡಿ. ಅಜ್ಜಿ ಹಾಕುತ್ತಿದ್ದದ್ದು ಹುಳಿ ಮಣ್ಣಿನ ಹಿತ್ತಲಿಗೆ, ಮಳೆಯ ನೀರಿನಲ್ಲಿ.

ಅಡುಗೆ ಸೋಡಾ ಬೇಡ. ಅದೂ ಬೈಕಾರ್ಬೊನೇಟೇ.

ಬ್ಯಾಟರಿ ಆಸಿಡ್ ಬೇಡ. ಡಿಸ್ಟಿಲ್ಡ್ ವಾಟರ್ ಸಿಗುವ ಅಂಗಡಿಯಲ್ಲೇ ಅದೂ ಸಿಗುತ್ತದೆ, ಪಕ್ಕಪಕ್ಕದಲ್ಲೇ ಇಟ್ಟಿರುತ್ತಾರೆ. ಕೈ ತಪ್ಪಿದರೆ ಕಣ್ಣು ಹೋಗುತ್ತದೆ.

ಕಾರ್ಖಾನೆಯಿಂದ ಬಾಟಲಿಗೆ ತುಂಬಿ ತಂದ ಯಾವ ಆಮ್ಲವೂ, ಯಾವ ಕಾಸ್ಟಿಕ್ಕೂ ಮನೆಗೆ ಬೇಡ. ನೀರಿನ ಬಾಟಲಿಯಲ್ಲಂತೂ ಕೂಡದೇ ಕೂಡದು. ಮಕ್ಕಳು ಕುಡಿಯುತ್ತಾರೆ.

ಗಂಧಕದ ಪುಡಿ ಹಾಕಿ ಮರುದಿನ ಮೀಟರ್ ನೋಡಬೇಡಿ. ಅದನ್ನು ಆಮ್ಲ ಮಾಡುವುದು ಮಣ್ಣಿನ ಬ್ಯಾಕ್ಟೀರಿಯಾ, ವಾರಗಳು ಹಿಡಿಯುತ್ತವೆ. ಕಾಯದೆ ಮತ್ತೆ ಮತ್ತೆ ಸುರಿದರೆ ತಿಂಗಳ ಕೊನೆಗೆ ರಸಸಾರ ಒಮ್ಮೆಲೇ ಕುಸಿಯುತ್ತದೆ.

ಲೋಹದ ಅನುಮಾನವಿರುವ ಮಣ್ಣಿಗೆ ಗಂಧಕವನ್ನಾಗಲೀ ಆಮ್ಲವನ್ನಾಗಲೀ ಹಾಕಲೇಬಾರದು. ರಸಸಾರ ಇಳಿದಷ್ಟೂ ಕ್ಯಾಡ್ಮಿಯಂ, ನಿಕ್ಕಲ್ ಕರಗಿ ಬೇರಿಗೆ ಸಿಗುತ್ತವೆ. ದಂಟು, ಪಾಲಕ್ ಮೊದಲು ಹೀರುತ್ತವೆ. ಎಲೆ ಹಸಿರಾಗಿ, ಸೊಂಪಾಗಿಯೇ ಕಾಣುತ್ತದೆ.

ಎರಡು ಕಡ್ಡಿ ಚುಚ್ಚುವ ಅಗ್ಗದ ಮೀಟರನ್ನು ನಂಬಿ ಔಷಧ ಹಾಕಬೇಡಿ. ನಾರಿನ ಹುಡಿಯಲ್ಲಿ ಅದು ಏಳನ್ನೇ ತೋರಿಸುತ್ತಾ ಕೂರುತ್ತದೆ.

ಎರಡು ನಿಜ ಎಲೆ ಬರುವವರೆಗೆ ಯಾವ ಗೊಬ್ಬರವೂ ಬೇಡ. ಬೀಜದೊಳಗಿನ ಬುತ್ತಿಯೇ ಅಲ್ಲಿಯವರೆಗೆ ಸಾಕು.

ಹಳದಿ ಕಂಡ ಕೂಡಲೇ ಯೂರಿಯಾ ಹಾಕಬೇಡಿ.

ಒಂದೇ ದಿನ ಎರಡು ಮದ್ದು ಬೇಡ. ಯಾವುದು ಕೊಂದಿತೆಂದೂ ಗೊತ್ತಾಗುವುದಿಲ್ಲ.

*ಈ ಬೀಜ ಬೇಡ*

ಗಾಂಜಾ ಬೀಜ ಬಿತ್ತಬಾರದು. ಒಂದೂ ಬೇಡ, ಪ್ರಯೋಗಕ್ಕೂ ಬೇಡ. 1985ರ ಮಾದಕ ವಸ್ತು ಕಾಯ್ದೆಯ 20ನೇ ಕಲಂ ಪ್ರಕಾರ ಗಿಡ ಬೆಳೆಸುವುದಕ್ಕೇ ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ರೂಪಾಯಿವರೆಗೆ ದಂಡ.

‘ಇನ್ನೂ ಹೂ ಬಿಟ್ಟಿಲ್ಲ, ಬರೀ ಸಸಿ’ ಎಂಬ ವಾದ ನೆಚ್ಚಬೇಡಿ. ಹೂವಿನ ಮಾತು ಬರುವುದು ‘ಗಾಂಜಾ’ ಎಂಬ ಪದಾರ್ಥದ ವ್ಯಾಖ್ಯೆಯಲ್ಲಿ. ಬೆಳೆಸುವ ಅಪರಾಧಕ್ಕೆ ಆ ಜಾತಿಯ ಯಾವ ಗಿಡವಾದರೂ ಸಾಕು.

ಬಾಡಿಗೆದಾರರು ಬೆಳೆಯುತ್ತಿರುವುದು ಗೊತ್ತಾದ ಮೇಲೂ ಮನೆ ಮಾಲೀಕರು ಸುಮ್ಮನಿರಬಾರದು. ತಿಳಿದೂ ಜಾಗ ಕೊಟ್ಟವರಿಗೆ 25ನೇ ಕಲಂ ಇದೆ.

ಬಾಲ್ಕನಿ ಯಾರಿಗೂ ಕಾಣುವುದಿಲ್ಲ ಎಂದುಕೊಳ್ಳಬೇಡಿ. 2024ರ ನವೆಂಬರ್‌ನಲ್ಲಿ ಎಂ.ಎಸ್.ಆರ್. ನಗರದ ಮನೆಯೊಂದಕ್ಕೆ ಸದಾಶಿವನಗರ ಪೊಲೀಸರನ್ನು ಕರೆತಂದದ್ದು ಫೇಸ್‌ಬುಕ್ಕಿಗೆ ಹಾಕಿದ್ದ ಕುಂಡಗಳ ದೃಶ್ಯ.

*ಕೆಟ್ಟ ಮಣ್ಣನ್ನು ಬಿಸಾಡುವಾಗ*

ರಾಜಕಾಲುವೆಗೆ ಸುರಿಯಬಾರದು. ಮೊದಲ ದೊಡ್ಡ ಮಳೆಗೇ ನೀರು ರಸ್ತೆಗೆ ತಿರುಗುತ್ತದೆ.

ಪಕ್ಕದವರ ಕುಂಡಕ್ಕೆ, ಪಾರ್ಕಿನ ಪಾತಿಗೆ ದಾನ ಮಾಡಬೇಡಿ.

ಲೋಹದ ವರದಿ ಬಂದ ಮಣ್ಣನ್ನು ಹಸಿಕಸದ ಬುಟ್ಟಿಗೆ ಹಾಕಬಾರದು. ಹಸಿಕಸ ಕಾಂಪೋಸ್ಟಾಗಿ ಇನ್ನೊಬ್ಬರ ಟ್ರೇಗೆ ಬರುತ್ತದೆ.